ಹಿತ್ತಾಳೆ ಕೈ ತಟ್ಟಿದ ಬಾಗಿಲು

ಪೋರ್ಚುಗಲ್ಲಿನ ಹಳೆಯ ಬೀದಿಯ ಮನೆಯೊಂದರಲ್ಲಿ, ಬಂದವರು ಬಾಗಿಲು ತಟ್ಟಲೆಂದು ಮನುಷ್ಯರ ಕೈಯ ಆಕಾರದಲ್ಲೇ ಎರಕ ಹೊಯ್ದ ಹಿತ್ತಾಳೆಯ ಕೈಯೊಂದನ್ನು ಕದಕ್ಕೆ ತೂಗುಹಾಕಿದ್ದರು. ಪ್ರವಾಸಿಯ ಕೊರಳಲ್ಲಿ ನೇತಾಡುತ್ತ ಬಂದ ಕ್ಯಾಮೆರಾ ಅದಕ್ಕೆ ಹೇಳಿತು: “ಹಳೆಯ ಮನೆ ನೋಡಲೆಂದೇ ಸಮುದ್ರ ದಾಟಿ ಬಂದಿದ್ದೇನೆ. ಅಲ್ಲಾಡಬೇಡ.”

“ಮನೆ ನೋಡಬೇಕಾದರೆ ನನ್ನನ್ನು ಹಿಡಿದು ತಟ್ಟಬೇಕು” ಎಂದಿತು ಕೈ.

ಕ್ಯಾಮೆರಾ ಕಿವಿಗೊಡಲಿಲ್ಲ. ಚಿತ್ರ ಚೆನ್ನಾಗಿ ಬರಲೆಂದು ಪ್ರವಾಸಿ ಆ ಹಿತ್ತಾಳೆ ಕೈಯನ್ನೆತ್ತಿ ಅದರ ಧೂಳು ಒರೆಸಿದ. ಅದು ಜಾರಿ ಕದಕ್ಕೆ ಟಕ್ಕೆಂದು ಬಡಿಯಿತು.

ಮನೆಯೊಡತಿ ಅದೀಲಿಯಾ ಹಿಟ್ಟಿನ ಕೈಯಲ್ಲೇ ಬಂದು ಕದ ತೆರೆದಳು. “ಬನ್ನಿ, ಒಳಗೆ ಬನ್ನಿ. ಬ್ರೆಡ್ಡು ಈಗಷ್ಟೇ ಬೆಂದಿದೆ.”

“ಅಮ್ಮಾ, ಸ್ವಲ್ಪ ಆಚೆ ಸರೀರಿ” ಎಂದಿತು ಕ್ಯಾಮೆರಾ. “ಬಾಗಿಲಿಗೆ ಅಡ್ಡ ಬರ್ತಿದ್ದೀರಿ.”

ಅವಳು ಒಳಸರಿದು ಕದ ಮುಚ್ಚಿಕೊಂಡಳು.

“ಹಾಂ, ಈಗ ಸಿಕ್ಕಿತು ಮನೆ!” ಎಂದಿತು ಕ್ಯಾಮೆರಾ.

“ಸಿಕ್ಕಿದ್ದು ಕದ” ಎಂದಿತು ಹಿತ್ತಾಳೆ ಕೈ. “ಮನೆ ಈಗತಾನೇ ಒಳಗೆ ಹೋಯಿತು.”