ಪೊಟರೆಯೊಳಗೆ ಯಾರಿದ್ದಾರೆ?

ಮಕ್ಕಳೇ, ಮಂಗಟ್ಟೆ ಹಕ್ಕಿಯ ಬಾಣಂತನ ಕಂಡವರು ಕಡಿಮೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಹಕ್ಕಿ ಮರದ ಪೊಟರೆ ಹೊಕ್ಕು, ಬಾಗಿಲನ್ನು ಒಳಗಿನಿಂದ ಮೆತ್ತಿಕೊಳ್ಳುತ್ತದೆ. ಕೊಕ್ಕು ಚಾಚುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಅದರ ಗರಿಗಳು ಉದುರುತ್ತವೆ. ಹೊಸವು ಬರುವ ತನಕ ಹಾರಲಾಗದು. ಗಂಡು ಹಕ್ಕಿ ತಂದುಕೊಟ್ಟರೆ ಊಟ, ಇಲ್ಲದಿದ್ದರೆ ಇಲ್ಲ.

ಹೊಳೆಯಂಚಿನ ಕಾಡಿನಲ್ಲಿ ಅಂಥ ಪೊಟರೆಯೊಂದರ ಗಂಡು ಹಕ್ಕಿ ಬಿರುಗಾಳಿಗೆ ಸಿಕ್ಕಿ ಸತ್ತಿತು. ಅದೇ ಮರದ ಮೇಲಿನ ಕೊಂಬೆಯಲ್ಲಿ ಕೆಂಚಿ ಎಂಬ ಕೆಂದಳಿಲು ವಾಸವಾಗಿದ್ದಳು. ಮರಿಗಳ ಅಳು ಕೇಳಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ತನ್ನ ಪಾಲಿನ ಹಣ್ಣನ್ನೆಲ್ಲ ಸೀಳಿಗೆ ಒಯ್ದಳು. ಸಾಲಲಿಲ್ಲ. ಹಸಿವಿನಿಂದ ಕಂಗೆಟ್ಟ ತಾಯಿ ಒಮ್ಮೆ ಹಣ್ಣಿನ ಜೊತೆಗೆ ಅವಳ ಬೆರಳನ್ನೂ ಕಚ್ಚಿದಳು.

ಹಣ್ಣು ಬೇಕಾದಷ್ಟಿದ್ದುದು ಆಚೆಯ ಅತ್ತಿ ಮರದಲ್ಲಿ. ಅಲ್ಲಿ ಕುಟ್ರುಹಕ್ಕಿಗಳ ಮತ್ತು ಮುಸುವ ಕೋತಿಗಳ ಬಿಡಾರ. ಕೆಂಚಿ ಬೇಡಲು ಹೋದಳು.

ಆದರೆ ಅವರೆಲ್ಲ ಒಮ್ಮೆ ಮೋಸ ಹೋಗಿದ್ದರು. ಹಿಂದಿನ ವರ್ಷ ಪುನುಗು ಬೆಕ್ಕೊಂದು ಇಂಥದೇ ಪೊಟರೆಯಲ್ಲಿ ಅಡಗಿ, ಮರಿಗಳಂತೆ ಕೀಚಲು ದನಿ ತೆಗೆದಿತ್ತು. ಪಾಪವೆಂದು ಹಣ್ಣು ಒಯ್ದ ಕುಟ್ರುವಿನ ತಮ್ಮ ತಿರುಗಿ ಬರಲಿಲ್ಲ. ಗರಿಗಳು ಮಾತ್ರ ಸಿಕ್ಕವು. ಅಂದಿನಿಂದ ಬೇಡುವ ದನಿ ಕೇಳಿದರೆ ಸಾಕು, ಎಲ್ಲರೂ ಎಲೆಮರೆಗೆ ಸರಿಯುತ್ತಿದ್ದರು.

ಕೆಂಚಿಗೆ ತಿಳಿದಿದ್ದುದು ಒಂದೇ ಉಪಾಯ: ಹೆದರಿಸುವುದು. ಹತ್ತಾರು ಮರಿಗಳು ಸಾಯುತ್ತಿವೆ ಎಂದಳು. ಬಿರುಗಾಳಿ ಮತ್ತೆ ಬರುತ್ತದೆ, ನಾಳೆ ನಿಮ್ಮ ಮಕ್ಕಳೂ ಹೀಗೇ ಬಾಯಿ ಬಾಯಿ ಬಿಡುತ್ತವೆ ಎಂದಳು. ಕೇಳಿದವರು ನಡುಗಿದರು. ನಡುಗಿ, ಸಿಕ್ಕ ಹಣ್ಣನ್ನೆಲ್ಲ ತಮ್ಮ ಮಕ್ಕಳಿಗೇ ಕೂಡಿಟ್ಟುಕೊಂಡರು. ಮಂಗಟ್ಟೆಗೆ ಎಂದಾದರೂ ಹತ್ತಾರು ಮರಿಗಳಾದದ್ದುಂಟೇ ಎಂದು ಮುಸುವಜ್ಜ ಮೂಗು ಮುರಿದ.

"ಆ ಬೆಕ್ಕಿನ ಊಳಿಗಕ್ಕೆ ಸೇರಿಕೊಂಡೆಯೇನೇ, ಕೆಂಚಿ?" ಎಂದು ಕುಟ್ರು ಕೇಳಿದ.

ಇಳಿಹೊತ್ತಿಗೆ ಬರಿಗೈಯಲ್ಲಿ ಮರಳಿದ ಕೆಂಚಿಗೆ ಪೊಟರೆಯಿಂದ ಕರಕರ ಸದ್ದು ಕೇಳಿಸಿತು. ತಾಯಿ ತಾನೇ ಮೆತ್ತಿದ ಗೋಡೆ ಕೆಡವುತ್ತಿದ್ದಳು.

"ಬೇಡ ಅಕ್ಕಾ. ನಿನಗೆ ಹಾರಲು ಗರಿಯಿಲ್ಲ."

"ದೊಡ್ಡ ಮರಿಯ ದನಿ ನಿಂತಿದೆ ಕಣೇ. ಒಳಗಿದ್ದು ಏನು ಮಾಡಲಿ?"

ಕೆಳಗೆ ತರಗೆಲೆ ಸರಕ್ಕೆಂದಿತು. ಗಾಳಿಯಲ್ಲಿ ಪುನುಗಿನ ವಾಸನೆ ತೇಲಿ ಬಂತು. ಕೆಂಚಿಯ ಬಾಲದ ಕೂದಲು ನಿಮಿರಿ ನಿಂತಿತು. ಗೋಡೆ ಒಡೆದರೆ ತಾಯಿಯೂ ಉಳಿಯಳು, ಮರಿಗಳೂ ಉಳಿಯವು. ಸ್ವಲ್ಪ ಹೊತ್ತು ತಡೆಯುವಂತೆ ಬೇಡಿಕೊಂಡು, ಅವಳು ಅತ್ತಿ ಮರಕ್ಕೆ ಓಡಿದಳು.

ಈ ಸಲ ಅಳಲಿಲ್ಲ, ಹೆದರಿಸಲೂ ಇಲ್ಲ.

"ನನ್ನ ಕೈಗೆ ಏನೂ ಕೊಡಬೇಡಿ. ಬಂದು ನೋಡಿ. ದೂರದಲ್ಲೇ ನಿಲ್ಲಿ. ಸೀಳಿನೊಳಗೆ ನಾನು ಕೈ ಇಡುತ್ತೇನೆ. ಒಳಗಿರುವುದು ಬೆಕ್ಕಾದರೆ, ಹೋಗುವುದು ನನ್ನ ಕೈ."

ಮರಿಗಳೆಷ್ಟು ಎಂದು ಕುಟ್ರು ಕೇಳಿದ.

"ಎರಡು ದನಿ ಕೇಳಿದ್ದೆ. ಈಗ ಒಂದೇ. ಹತ್ತಾರು ಅಂದದ್ದು ಸುಳ್ಳು."

ಕುಟ್ರು ಅವಳನ್ನೇ ದಿಟ್ಟಿಸಿದ. ಆಮೇಲೆ ಒಂದೇ ಒಂದು ಹಣ್ಣು ಕಿತ್ತ. ಮುಸುವಜ್ಜ ಉದ್ದನೆಯ ಕೋಲು ಮುರಿದು, ಹಣ್ಣನ್ನು ಅದರ ತುದಿಗೆ ಸಿಕ್ಕಿಸಿದ.

ಮೂವರೂ ಪೊಟರೆಯ ಬಳಿ ಬಂದರು. ಮುಸುವಜ್ಜನನ್ನು ಕಂಡು ಬುಡದಲ್ಲಿದ್ದ ಬೆಕ್ಕು ಪೊದೆಗೆ ಸರಿಯಿತು. ಅದರ ಕಣ್ಣುಗಳು ಮಾತ್ರ ಹೊಳೆಯುತ್ತಿದ್ದವು. ಗುರುತಿಲ್ಲದವರ ಸುಳಿವು ಸಿಕ್ಕಿ ತಾಯಿ ಉಸಿರು ಬಿಗಿಹಿಡಿದಿದ್ದಳು. ಒಳಗಿಂದ ಸದ್ದೇ ಇಲ್ಲ. ಕುಟ್ರು ಹಾರಿಹೋಗಲು ರೆಕ್ಕೆ ಬಿಚ್ಚಿದ.

ಕೆಂಚಿ ಸೀಳಿನೊಳಗೆ ಕೈಯಿಟ್ಟಳು.

ಕೊಕ್ಕು ಕಚಕ್ಕನೆ ಮುಚ್ಚಿಕೊಂಡಿತು. ನೆತ್ತರು ಇಳಿಯಿತು. ಅವಳು ಕೈ ಎಳೆದುಕೊಳ್ಳಲಿಲ್ಲ. "ಅಕ್ಕಾ, ನಾನು. ಹಣ್ಣು ಬಂದಿದೆ" ಎಂದಳು ಮೆಲ್ಲಗೆ.

ಹಿಡಿತ ಸಡಿಲಿತು. ಬಾಗಿದ ಹಳದಿ ಕೊಕ್ಕು ಎಲ್ಲರಿಗೂ ಕಾಣುವಂತೆ ಹೊರಚಾಚಿ, ಕೋಲಿನ ತುದಿಯ ಹಣ್ಣನ್ನು ಎತ್ತಿಕೊಂಡಿತು. ಒಳಗೊಂದು ಮರಿ ಚೀರಿತು. ತುಸು ತಡೆದು, ಇನ್ನೊಂದು ಕ್ಷೀಣವಾಗಿ ದನಿಗೂಡಿಸಿತು.

ಯಾರೂ ಹೇಳದೆಯೇ ಕುಟ್ರು ಅತ್ತಿ ಮರಕ್ಕೆ ಹಾರಿದ. ಎರಡನೆಯ ಹಣ್ಣನ್ನು ಅವನು ಕೋಲಿಗೆ ಸಿಕ್ಕಿಸಗೊಡಲಿಲ್ಲ. ಕಣ್ಣು ಮುಚ್ಚಿಕೊಂಡು, ತನ್ನ ಕೊಕ್ಕಿನಿಂದಲೇ ಸೀಳಿಗೆ ಹಿಡಿದ.

ನೀತಿ: ಮೋಸ ಹೋದವರನ್ನು ಹೆದರಿಸಿ ಬೇಡಿದರೆ ಮುಷ್ಟಿ ಬಿಗಿಯಾಗುತ್ತದೆ, ಇದ್ದದ್ದನ್ನು ಇದ್ದಂತೆ ಹೇಳಿ ಕಣ್ಣಾರೆ ತೋರಿಸಿದರೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.