ಶಿಫಾರಸು ಪತ್ರ

“ಗುರುಗಳೇ, ಮುಂದೆ ದೊಡ್ಡ ಒಳಿತು ಮಾಡಬೇಕೆಂದು ಹೊರಟವನು ಇವತ್ತು ಒಂದು ಸಣ್ಣ ತಪ್ಪನ್ನು ಕಂಡೂ ಸುಮ್ಮನಿದ್ದರೆ, ಅದನ್ನು ಮನ್ನಿಸಬಾರದೇ?” ಎಂದು ಶಿಷ್ಯ ಕೇಳಿದ.

ಗುರು ಹೇಳತೊಡಗಿದರು.

ಒಬ್ಬ ವಿದ್ಯಾರ್ಥಿನಿ ಇದ್ದಳು. ಪದವಿ ತರಗತಿಯಲ್ಲಿ ಭೌತಶಾಸ್ತ್ರ ಓದುತ್ತಿದ್ದಳು. ಅದು ಮುಗಿದ ಮೇಲೆ ದೃಷ್ಟಿ ಪರೀಕ್ಷೆ ಕಲಿಸುವ ಕಾಲೇಜಿಗೆ ಸೇರಬೇಕೆಂಬುದು ಅವಳ ಒಂದೇ ಆಸೆ. ಅವಳ ತಂಗಿ ಕಪ್ಪುಹಲಗೆ ಕಾಣದೆ, ದಡ್ಡಿ ಎನಿಸಿಕೊಂಡು ಶಾಲೆ ಬಿಟ್ಟಿದ್ದಳು. ಒಂದು ಕನ್ನಡಕ ಸಾಕಿತ್ತೆಂದು ಗೊತ್ತಾಗುವ ಹೊತ್ತಿಗೆ ಅವಳಿಗೆ ಮದುವೆಯೂ ಆಗಿತ್ತು. ಇನ್ನೊಬ್ಬರಿಗೆ ಹಾಗಾಗಬಾರದೆಂದು ಅಕ್ಕ ಓದುತ್ತಿದ್ದಳು.

ಆ ಕಾಲೇಜಿಗೆ ಅಂಕಗಳಷ್ಟೇ ಸಾಲವು. ಯಾರಾದರೂ ನೇತ್ರಪರೀಕ್ಷಕರ ಬಳಿ ಎರಡು ವರ್ಷ ಕೆಲಸ ನೋಡಿ, ಅವರಿಂದ ಶಿಫಾರಸು ಪತ್ರ ತರಬೇಕು. ಊರಿನಲ್ಲಿದ್ದ ಪರೀಕ್ಷಕರು ಒಬ್ಬರೇ. ವಯಸ್ಸಾದವರು, ಮಾತು ಬಿರುಸು. ಹಿಂದೆ ಒಬ್ಬ ವಿದ್ಯಾರ್ಥಿ ರೋಗಿಗಳ ಎದುರೇ ಅವರನ್ನು ತಿದ್ದಿದನೆಂದೂ ಅವನಿಗೆ ಪತ್ರ ಸಿಗಲಿಲ್ಲವೆಂದೂ ಜನ ಆಡಿಕೊಳ್ಳುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಪ್ರತಿ ಮಧ್ಯಾಹ್ನ ಹೋಗಿ ಗಾಜುಗಳನ್ನು ಒರೆಸಿದಳು, ರೋಗಿಗಳಿಗೆ ಅಳತೆ ನೋಡುವ ಕನ್ನಡಕದ ಚೌಕಟ್ಟು ತೊಡಿಸಿದಳು, ನೋಡಿ ಕಲಿತಳು. ಎದುರು ಮಾತಾಡಲಿಲ್ಲ.

ಪತ್ರ ಕೊಡುವ ದಿನಕ್ಕೆ ಒಂದು ವಾರ ಉಳಿದಿದ್ದಾಗ ಒಬ್ಬ ಲಾರಿ ಚಾಲಕ ಬಂದ. ಪರವಾನಗಿ ನವೀಕರಿಸಲು ಅವನಿಗೆ ದೃಷ್ಟಿಯ ಪ್ರಮಾಣಪತ್ರ ಬೇಕಿತ್ತು. ಹಿಂದಿನ ದಿನವೂ ಅವನು ಬಂದು, ಬೇರೆಯವರು ಅಕ್ಷರ ಓದುವುದನ್ನು ಕೇಳುತ್ತ ಬೆಂಚಿನ ಮೇಲೆ ಬಹಳ ಹೊತ್ತು ಕೂತು ಹೋಗಿದ್ದ. ಈ ದಿನ ಅವಳು ಅಕ್ಷರಗಳ ಹಲಗೆಯನ್ನು ತಿರುಗಿಸಿ, ಬೇರೆ ಅಕ್ಷರಗಳಿದ್ದ ಇನ್ನೊಂದು ಬದಿ ಹಾಕಿದ್ದಳು. ಚಾಲಕ ಕೆಳಗಿನ ಸಾಲನ್ನು ಎಲ್ಲೂ ತಡವರಿಸದೆ ಹೇಳಿದ. ಹೇಳಿದ್ದೆಲ್ಲ ನಿನ್ನೆಯ ಅಕ್ಷರ. ಪರೀಕ್ಷಕರು ತಲೆ ತಗ್ಗಿಸಿ ಬರೆಯುತ್ತಿದ್ದರು. “ಸರಿ” ಎಂದು ಸಹಿ ಹಾಕಿದರು.

ಅವಳು ಬಾಗಿಲವರೆಗೆ ಹೋಗಿ ಮೆಲ್ಲಗೆ ಕೇಳಿದಳು: “ಅಣ್ಣಾ, ನಿಮಗೆ ಹಲಗೆ ಕಾಣಿಸಲಿಲ್ಲ, ಅಲ್ಲವೇ?”

“ಗಾಡಿ ಬಿಟ್ಟರೆ ನನಗೆ ಬೇರೆ ಏನು ಬರುತ್ತದೆ, ತಾಯಿ? ಇಪ್ಪತ್ತು ವರ್ಷದಿಂದ ಓಡಾಡಿದ ದಾರಿ” ಎಂದು ಅವನು ಹೊರಟುಹೋದ.

ಒಳಗೆ ಹೋಗಿ ಹೇಳಬಹುದಿತ್ತು. ಪತ್ರ ಕೈಗೆ ಬರಲಿ, ನಾನು ಪರೀಕ್ಷಕಿಯಾದ ಮೇಲೆ ಇಂಥ ಒಬ್ಬರನ್ನೂ ಬಿಡುವುದಿಲ್ಲ ಎಂದುಕೊಂಡು, ಮುಂದಿನ ರೋಗಿಯನ್ನು ಕರೆದಳು.

ಪತ್ರ ಬಂತು. ಅದಾಗಿ ಹತ್ತು ದಿನಕ್ಕೆ ಆ ಲಾರಿ, ಡೇರಿಗೆ ಹಾಲು ಒಯ್ಯುತ್ತಿದ್ದ ಒಬ್ಬ ಹೆಂಗಸಿನ ಮೇಲೆ ಹರಿಯಿತು. ಬಿಸಿಲಿತ್ತು. ರಸ್ತೆ ನೇರವಾಗಿತ್ತು. ಸತ್ತವಳ ಹೆಸರು ಸಣ್ಣನಿಂಗಮ್ಮ.

ವಿದ್ಯಾರ್ಥಿನಿ ಓಡಿಹೋಗಿ ಪರೀಕ್ಷಕರಿಗೆ ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ. “ಆವತ್ತೇ ಹೇಳಬಾರದಿತ್ತೇ ಮಗಳೇ? ಆ ಪ್ರಮಾಣಪತ್ರವನ್ನು ಅಲ್ಲೇ ಹರಿದು ಹಾಕುತ್ತಿದ್ದೆನಲ್ಲ” ಎಂದರು.

“ಪತ್ರ ಕೊಡುವುದಿಲ್ಲವೇನೋ ಎಂದು ಹೆದರಿದೆ.”

“ಅವನು ಬರುವುದಕ್ಕೂ ಮೊದಲೇ ಅದನ್ನು ನಾನು ಬರೆದಿಟ್ಟಿದ್ದೆ” ಎಂದು ಅವರು ಮುಖ ಮುಚ್ಚಿಕೊಂಡರು. ಮರುದಿನದಿಂದ ಅವರು ಬಾಗಿಲು ತೆರೆಯಲಿಲ್ಲ.

ಅವಳು ಸತ್ತವಳ ಊರಿಗೆ ಹೋದಳು. ಯಾರೋ ಪರಿಚಯದವಳಿರಬೇಕೆಂದು ಮನೆಯವರು ಚಾಪೆ ಹಾಸಿ ನೀರು ಕೊಟ್ಟರು. ನೀರು ಕುಡಿದಳು. ತಾನು ಯಾರೆಂದು ಹೇಳದೆಯೇ ಎದ್ದು ಬಂದಳು.

ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮನೆಯವರು ಸಿಹಿ ಹಂಚಿದರು. ಬೇಡವೆನ್ನಲು ಕಾರಣ ಹೇಳಬೇಕಾಗುತ್ತಿತ್ತು. ಅದಕ್ಕೂ ಧೈರ್ಯ ಸಾಲದೆ ಅವಳು ಸೇರಿದಳು.

ಗುರು ಅಷ್ಟಕ್ಕೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಆದರೂ ಗುರುಗಳೇ, ಆಮೇಲೆ ಅವಳು ಸಾವಿರಾರು ಜನರ ಕಣ್ಣು ಕಾಪಾಡಿರಬೇಕಲ್ಲವೇ?”

“ಕಾಪಾಡಿದಳು; ಅವರಲ್ಲಿ ಸಣ್ಣನಿಂಗಮ್ಮ ಇರಲಿಲ್ಲ” ಎಂದರು ಗುರು.