ತೊರೆಯ ಎರಡು ದಡದ ಗಾಣಗಳು

ಹೊಂಗೆಮರಗಳೇ ತುಂಬಿದ ಒಂದು ಕಾಡು. ಕಾಡಿನ ನಡುವೆ ಒಂದು ತೊರೆ. ಮಕ್ಕಳೇ, ಆ ತೊರೆಯ ಈ ದಡದಲ್ಲಿ ಕರಿಬಸಪ್ಪನೆಂಬ ಕಾಡುಕೋಣನ ಎಣ್ಣೆಗಾಣವಿತ್ತು. ಆ ದಡದಲ್ಲಿ ಗುಡ್ಡಣ್ಣನೆಂಬ ಆನೆಯ ಎಣ್ಣೆಗಾಣವಿತ್ತು. ಇಡೀ ಕಾಡಿಗೆ ಇದ್ದದ್ದು ಇವೆರಡೇ ಗಾಣ.

ಕಾಡಿನಲ್ಲಿ ಹೊಂಗೆಣ್ಣೆ ಇಲ್ಲದೆ ಬದುಕಿಲ್ಲ. ಮಳೆಗಾಲ ಬಂತೆಂದರೆ ನೊಣಗಳು ಮುತ್ತುತ್ತವೆ. ಮುಳ್ಳು ಗೀರಿದ ಸಣ್ಣ ಗಾಯಕ್ಕೂ ಹುಳ ಬೀಳುತ್ತದೆ. ಒಳ್ಳೆಯ ಎಣ್ಣೆ ಸವರಿದರೆ ನೊಣ ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ಮೊಲ, ಮುಳ್ಳುಹಂದಿ, ಜಿಂಕೆ ಎಲ್ಲರೂ ಹೊಂಗೆಬೀಜ ಹೊತ್ತು ತಂದು, ಸೋರೆಬುರುಡೆಯಲ್ಲಿ ಎಣ್ಣೆ ತುಂಬಿಸಿಕೊಂಡು ಹೋಗುತ್ತಿದ್ದರು.

ಕರಿಬಸಪ್ಪ ಗಟ್ಟಿ ಕೆಲಸಗಾರ. ಬೂಸಲು ಹಿಡಿದ ಬೀಜವನ್ನು ಮೂತಿಯಿಂದಲೇ ಆರಿಸಿ ಎಸೆಯುತ್ತಿದ್ದ. ಎಣ್ಣೆ ತಿಳಿಯಾಗುವ ತನಕ ಯಾರಿಗೂ ಕೊಡುತ್ತಿರಲಿಲ್ಲ. ಆದರೂ ಅವನಿಗೆ ನೆಮ್ಮದಿಯಿಲ್ಲ. ಇವನು ಬುರುಡೆ ತುಂಬ ಕೊಟ್ಟರೆ, ಆಚೆ ದಡದ ಗುಡ್ಡಣ್ಣ ತುಳುಕುವಂತೆ ಕೊಡುತ್ತಿದ್ದ. ಇವನು ಮುಂಜಾನೆ ಗಾಣ ಹೂಡಿದರೆ, ಅವನು ಕೋಳಿ ಕೂಗುವ ಮೊದಲೇ ಹೂಡುತ್ತಿದ್ದ.

"ಆ ಸೊಂಡಿಲಿನವನು ಸುಮ್ಮನೆ ಕೂತರೆ ನಾನೂ ಒಂದು ಗಳಿಗೆ ಮಲಗಬಹುದಿತ್ತು!" ಎಂದು ಕರಿಬಸಪ್ಪ ಹೆಂಡತಿ ಕಾಳವ್ವನ ಮುಂದೆ ಗೊಣಗುತ್ತಿದ್ದ.

ಈ ಗೊಣಗಾಟ ಒಂದು ಕೆಂಬೂತದ ಕಿವಿಗೆ ಬಿತ್ತು. ಅದಕ್ಕೆ ಎರಡು ದಡಕ್ಕೂ ಹಾರಿ ಮಾತು ಮುಟ್ಟಿಸುವುದೇ ಕಸುಬು.

"ಕರಿಬಸಪ್ಪನವರೇ, ಯಾಕಿಷ್ಟು ಮೈ ಸವೆಸುತ್ತೀರಿ?" ಎಂದಿತು ಕೆಂಬೂತ. "ಇಬ್ಬರೂ ಒಂದಾಗಿ. ಒಂದೇ ಗಾಣ, ಒಂದೇ ಎಣ್ಣೆ. ಆಮೇಲೆ ಯಾರ ಜೊತೆ ಜಿದ್ದು? ನೀವು ಕೊಟ್ಟಷ್ಟನ್ನೇ ಕಾಡು ಇಸಿದುಕೊಳ್ಳುತ್ತದೆ."

ಕರಿಬಸಪ್ಪನಿಗೆ ಬೆಲ್ಲ ತಿಂದಂತಾಯಿತು. ಗುಡ್ಡಣ್ಣನಿಗೂ ದಣಿವಾಗಿತ್ತು, ಅವನೂ ಸೊಂಡಿಲು ಆಡಿಸಿ ಒಪ್ಪಿದ. ಆದರೆ ಇಂಥ ದೊಡ್ಡ ಮಾತಿಗೆ ಕಾಡಿನ ಪಂಚಾಯಿತಿಯ ಒಪ್ಪಿಗೆ ಬೇಕು. ಪಂಚಾಯಿತಿಯ ಹಿರಿಯಳು ಸಿದ್ದವ್ವ ಎಂಬ ಮುದಿ ಕಡವೆ.

ಬಂಡೆಯ ಮುಂದೆ ಎಲ್ಲರೂ ಸೇರಿದರು. ಕೆಂಬೂತ ಎದೆ ಉಬ್ಬಿಸಿ ಹೇಳಿತು: "ಇಬ್ಬರ ಬಲ ಕೂಡಿದರೆ ಎಣ್ಣೆ ಹೊಳೆಯಾಗಿ ಹರಿಯುತ್ತದೆ!"

ಸಿದ್ದವ್ವ ಮೆಲುಕು ಹಾಕುತ್ತ ಕೇಳಿದಳು, "ಹರಿಯಲಿ ಮಗಾ. ಆ ಎಣ್ಣೆ ನನಗೆ ಹಿಡಿಸದಿದ್ದರೆ ನಾನು ಎಲ್ಲಿಗೆ ಹೋಗಲಿ?"

"ಹಿಡಿಸದೆ ಏನು ಸಿದ್ದವ್ವಾ? ನನ್ನ ಎಣ್ಣೆಗೆ ಯಾವತ್ತಾದರೂ ಕುಂದು ಹೇಳಿದ್ದೀರಾ?" ಎಂದ ಕರಿಬಸಪ್ಪ. ಅವನಿಗೆ ನಿಜಕ್ಕೂ ನೋವಾಗಿತ್ತು.

"ಇಲ್ಲಪ್ಪ. ನೀವಿಬ್ಬರೂ ಈ ಕಾಡನ್ನು ಸಾಕಿದವರು. ಬೇಡ ಎಂದು ಬಾಯಿ ಮುಚ್ಚಿಸಲಾರೆ. ಈ ಮಳೆಗಾಲ ಒಂದಾಗಿ ನಡೆಸಿ ನೋಡಿ. ಆದರೆ ಮಳೆ ನಿಲ್ಲುವ ತನಕ ಯಾವ ಗಾಣವನ್ನೂ ಕೀಳಕೂಡದು."

"ಹಾಳು ಬಿದ್ದ ಗಾಣ ಯಾಕೆ? ಸೌದೆಯಾದರೂ ಆದೀತು," ಎಂದಿತು ಕೆಂಬೂತ.

"ಇರಲಿ ಬಿಡು, ಅದೇನು ನಿನ್ನ ಮೇವು ತಿನ್ನುತ್ತದೆಯೇ?" ಎಂದಳು ಸಿದ್ದವ್ವ. ಎಲ್ಲರೂ ನಕ್ಕರು. ಮಾತು ಅಲ್ಲಿಗೆ ತೀರ್ಮಾನವಾಯಿತು.

ಗುಡ್ಡಣ್ಣ ತನ್ನ ಗಾಣದ ಒರಳು ತೊಳೆದು, ಮುಚ್ಚಳ ಹಾಕಿ, ತೊರೆ ದಾಟಿ ಬಂದ. ಇಬ್ಬರೂ ಸರದಿಯಂತೆ ನೊಗಕ್ಕೆ ಹೆಗಲು ಕೊಟ್ಟರು. ಮೊದಮೊದಲು ಬಲು ಚೆಂದ. ಕರಿಬಸಪ್ಪ ಎಷ್ಟೋ ವರ್ಷದ ಮೇಲೆ ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದ. ಎದ್ದಾಗ ಗುಡ್ಡಣ್ಣನೊಂದಿಗೆ ಹರಟೆ. ವೈರಿ ಅಂದುಕೊಂಡವನು ಇಷ್ಟು ಒಳ್ಳೆಯವನೇ ಎಂದು ಅವನಿಗೆ ಅಚ್ಚರಿಯಾಯಿತು.

ಆದರೆ ಮಕ್ಕಳೇ, ಸೋಮಾರಿತನ ಬಾಗಿಲು ತಟ್ಟಿ ಬರುವುದಿಲ್ಲ. ಒಂದು ದಿನ ಕರಿಬಸಪ್ಪ ಬೂಸಲು ಬೀಜ ಆರಿಸಲಿಲ್ಲ. ಗುಡ್ಡಣ್ಣ ಆರಿಸಿರುತ್ತಾನೆ ಎಂದುಕೊಂಡ. ಗುಡ್ಡಣ್ಣ ಒರಳು ತೊಳೆಯಲಿಲ್ಲ. ಕರಿಬಸಪ್ಪ ತೊಳೆದಿರುತ್ತಾನೆ ಎಂದುಕೊಂಡ. ಎಣ್ಣೆ ತಿಳಿಯಾಗುವ ಮುಂಚೆಯೇ ಮಡ್ಡಿಯ ಸಮೇತ ಬುರುಡೆಗೆ ಬಿತ್ತು. ಬುರುಡೆಯಲ್ಲಿ ತುಳುಕುತ್ತಿದ್ದ ಎಣ್ಣೆ ಕಂಠಕ್ಕಿಳಿಯಿತು, ಕಂಠದಿಂದ ಹೊಟ್ಟೆಗಿಳಿಯಿತು.

"ಎಣ್ಣೆ ಕಮಟು ನಾರುತ್ತಿದೆ ಕರಿಬಸಪ್ಪಣ್ಣ," ಎಂದಿತು ಮುಳ್ಳುಹಂದಿ.

"ಬೇಡವಾದರೆ ಬಿಡು. ಬೇರೆಲ್ಲಿ ಸಿಗುತ್ತದೆ?"

ಮುಳ್ಳುಹಂದಿ ಮುಖ ತಿರುಗಿಸಿ ಬುರುಡೆ ಎತ್ತಿಕೊಂಡು ಹೋಯಿತು. ಮೊದಲಾದರೆ ಹಾಗೆ ಹೋಗುವವರ ಹಿಂದೆ ಕರಿಬಸಪ್ಪ ಓಡಿ ಸಮಾಧಾನ ಹೇಳುತ್ತಿದ್ದ. ಈಗ ಮಗ್ಗುಲು ಬದಲಿಸಿದ, ಅಷ್ಟೇ.

ಮಳೆ ಜಡಿಯತೊಡಗಿತು. ನೊಣಗಳು ಎದ್ದವು. ಕರಿಬಸಪ್ಪನ ಮುದ್ದಿನ ಕರು ನಿಂಗಿ ಬಿದಿರುಮೆಳೆಗೆ ನುಗ್ಗಿ ತೊಡೆ ಸೀಳಿಕೊಂಡಳು. ಕಾಳವ್ವ ಮನೆಯ ಎಣ್ಣೆಯನ್ನೇ ಧಾರಾಳವಾಗಿ ಸವರಿದಳು. ಮಾರನೆಯ ದಿನ ನೋಡಿದರೆ ಗಾಯ ಊದಿತ್ತು, ಹುಳ ಬಿದ್ದಿತ್ತು. ನಿಂಗಿ ಕಾಲೂರಲಾರದೆ "ಅಪ್ಪಾ, ಅಪ್ಪಾ" ಎಂದು ನರಳುತ್ತಿದ್ದಳು.

"ಇದೇನು ಎಣ್ಣೆಯೋ, ಕೆಸರೋ?" ಕಾಳವ್ವ ಬುರುಡೆಯನ್ನು ಗಂಡನ ಮುಂದೆ ಕುಕ್ಕಿದಳು. "ಒಳ್ಳೆಯದು ಎಲ್ಲಿದ್ದರೂ ತಾ, ಹೋಗು!"

ಕರಿಬಸಪ್ಪ ಓಡಿದ. ಕಾಲುಗಳು ತಾವಾಗಿಯೇ ತೊರೆಯ ಕಡೆ ತಿರುಗಿದವು. ಕೆಂಪು ನೀರಿನಲ್ಲಿ ಈಜಿ ಆಚೆ ದಡ ಹತ್ತಿದ. ಗುಡ್ಡಣ್ಣನ ಗಾಣ ಮೌನವಾಗಿ ನಿಂತಿತ್ತು. ನೊಗಕ್ಕೂ ಕಂಬಕ್ಕೂ ನಡುವೆ ಜೇಡ ಬಲೆ ನೇಯ್ದಿತ್ತು. ಬೇರೆಲ್ಲಿ ಸಿಗುತ್ತದೆ ಎಂದು ತಾನೇ ಮುಳ್ಳುಹಂದಿಗೆ ಹೇಳಿದ ಮಾತು ಎದೆಗೆ ನಾಟಿತು. ಇಷ್ಟು ವರ್ಷ ಯಾವ ಗಾಣ ನಿಲ್ಲಲಿ ಎಂದು ಬೈದುಕೊಂಡಿದ್ದನೋ, ಅದರ ಮುಂದೆ ಆ ದೊಡ್ಡ ಮೈಯವನು ಮಂಡಿಯೂರಿ ಅತ್ತುಬಿಟ್ಟ.

ಹಿಂದೆಯೇ ಗುಡ್ಡಣ್ಣ ಬಂದ. ಅವನಿಗೂ ಸುದ್ದಿ ಮುಟ್ಟಿತ್ತು.

"ತಪ್ಪು ನನ್ನದೂ ಇದೆ ಮಾರಾಯ," ಎಂದ. "ಅಳುವುದು ಆಮೇಲೆ. ಬೀಜ ಆರಿಸು, ಏಳು!"

ಎಂಥ ಕೆಲಸ ಮಾಡಿದರು ಆ ಇಬ್ಬರು! ಕರಿಬಸಪ್ಪ ಅಲ್ಲಿನ ಅಟ್ಟದ ಮೇಲಿದ್ದ ಒಣಬೀಜವನ್ನು ಒಂದೊಂದಾಗಿ ಮೂಸಿ ಆರಿಸಿದ. ಗುಡ್ಡಣ್ಣ ಮುಚ್ಚಳ ತೆಗೆದ. ತೊಳೆದಿಟ್ಟ ಒರಳು ಹೊಸದರಂತೆ ಇತ್ತು. ಸುರಿಯುವ ಮಳೆಯಲ್ಲಿ ನೊಗ ಹೊತ್ತು ಸುತ್ತಿದ, ಸುತ್ತಿದ, ಉಸಿರು ಕಟ್ಟುವ ತನಕ ಸುತ್ತಿದ. ಎಣ್ಣೆ ಬಂಗಾರದ ಬಣ್ಣದಲ್ಲಿ ಇಳಿಯಿತು. ತಿಳಿಯಾಗುವ ತನಕ ಇಬ್ಬರೂ ಕಾದರು. ಆಮೇಲೆ ಗುಡ್ಡಣ್ಣ ಬುರುಡೆಯನ್ನು ಸೊಂಡಿಲಿನಲ್ಲಿ ಎತ್ತರಕ್ಕೆ ಹಿಡಿದು, ಒಂದು ಹನಿಯೂ ಚೆಲ್ಲದಂತೆ ತೊರೆ ದಾಟಿಸಿದ.

ಆ ಎಣ್ಣೆ ಬಿದ್ದದ್ದೇ ಹುಳಗಳು ಉದುರಿದವು. ದಿನದಿಂದ ದಿನಕ್ಕೆ ಗಾಯ ಮಾಗಿತು. ನಿಂಗಿ ಕುಂಟುತ್ತ ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕಿದಳು.

ಮಳೆ ಬಿಡುವು ಕೊಟ್ಟ ಮೊದಲ ದಿನವೇ ಕರಿಬಸಪ್ಪ ಬಂಡೆಯ ಮುಂದೆ ಹೋಗಿ ನಿಂತ. ಯಾರೂ ಕರೆದಿರಲಿಲ್ಲ, ಕೇಳಿರಲಿಲ್ಲ.

"ಸಿದ್ದವ್ವಾ, ನಮ್ಮನ್ನು ಬೇರೆ ಮಾಡಿಬಿಡಿ," ಎಂದ.

"ಜಗಳವಾಯಿತೇ?"

"ಇಲ್ಲ ತಾಯಿ. ಅವನಿಗಿಂತ ದೊಡ್ಡ ಗೆಳೆಯ ನನಗಿಲ್ಲ."

"ಅಯ್ಯೋ, ಗೆಳೆಯರಾದರೆ ಬೇರೆ ಯಾಕೆ?" ಕೆಂಬೂತ ಕೊಂಬೆಯಿಂದ ಕೂಗಿತು. "ಸುಖವಾಗಿ ನಿದ್ದೆ ಮಾಡುತ್ತಿದ್ದಿರಲ್ಲ!"

"ಅದೇ ಆದದ್ದು ಮಾರಾಯ, ನಿದ್ದೆ ಹತ್ತಿದ್ದು," ಎಂದ ಕರಿಬಸಪ್ಪ.

ಸಿದ್ದವ್ವ ಬಂಡೆಯಿಂದ ಇಳಿದು ಬಂದು ಅವನ ಹಣೆಯನ್ನು ನೆಕ್ಕಿದಳು. "ತಾನಾಗಿ ಬಂದು ಹೀಗೆ ಹೇಳಲು ನಿನ್ನ ಕೊಂಬಿಗಿಂತ ಗಟ್ಟಿ ಎದೆ ಬೇಕು ಮಗಾ," ಎಂದಳು.

ಮರುದಿನ ಮುಳ್ಳುಹಂದಿ ಬುರುಡೆ ಹಿಡಿದು ತೊರೆಯ ದಂಡೆಗೆ ಬಂದಾಗ ಎರಡೂ ದಡದಲ್ಲಿ ಗಾಣ ಕಿರುಗುಟ್ಟುತ್ತಿತ್ತು. ಯಾವ ಕಡೆ ಹೋಗಲಿ ಎಂದು ಅದು ಹೊತ್ತಾಗುವ ತನಕ ಯೋಚಿಸುತ್ತ ನಿಂತಿತು. ಇಬ್ಬರೂ ಅದನ್ನೇ ನೋಡುತ್ತ, ಇನ್ನಷ್ಟು ಹುರುಪಿನಿಂದ ನೊಗ ಎಳೆದರು.

ನೀತಿ: ಎದುರಿಗೆ ಸಮಬಲದವನು ಇರುವ ತನಕ ಕಸುಬು ಹಸನಾಗಿರುತ್ತದೆ, ಕೇಳುವವರಿಗೆ ಬೇರೆ ದಾರಿಯೇ ಇಲ್ಲದಾದಾಗ ಒಳ್ಳೆಯವರೂ ಮೈಮರೆಯುತ್ತಾರೆ.